ಬೈಗುಳ ತುಂಬಿದ ಚೆಂಡು

‘ಒಂದಾನೊಂದು ಊರಿನಲ್ಲಿ’ ಅಂತ ಶುರು ಮಾಡಿದರೆ ಈ ಕತೆ ಎದ್ದು ನಿಲ್ಲುವುದಿಲ್ಲ. ಇದಕ್ಕೆ ಪಕ್ಕದೂರೂ ಬೇಕು. ಹಾಗಾಗಿ ಹೀಗೆ ಹೇಳೋಣ: ಒಂದಾನೊಂದು ಊರಿನ ಪಕ್ಕದಲ್ಲಿ ಇನ್ನೊಂದಾನೊಂದು ಊರಿತ್ತು. ಈ ಊರಿನ ಹೆಸರು ಬೆಲ್ಲದಕೊಪ್ಪಲು, ಆ ಊರಿನ ಹೆಸರು ಹುಣಸೇಕಟ್ಟೆ. ನಡುವೆ ಒಂದು ಬಯಲು. ಬಯಲಿನ ಈ ತುದಿಗೆ ಇವರ ಗೋಲುಕಂಬ, ಆ ತುದಿಗೆ ಅವರ ಗೋಲುಕಂಬ. ಎರಡೂ ಊರಿಗೆ ಕಾಲ್ಚೆಂಡು ಅಂದರೆ ಪ್ರಾಣ. ಎಷ್ಟು ಪ್ರಾಣ ಅಂದರೆ, ಮಗು ಹುಟ್ಟಿದರೆ ಗಂಡೋ ಹೆಣ್ಣೋ ಅಂತ ಯಾರೂ ಕೇಳುತ್ತಿರಲಿಲ್ಲ. ಎಡಗಾಲೋ ಬಲಗಾಲೋ ಅಂತ ಕೇಳುತ್ತಿದ್ದರು.

ಹ್ಞೂಂ ಅನ್ನಿ. ನೀವು ಹ್ಞೂಂ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ, ಇಲ್ಲೇ ಕೂತು ನಿಮ್ಮ ಪಾಲಿನ ಊಟ ಮಾಡುತ್ತದೆ.

ಆ ಸೀಮೆಯಲ್ಲಿ ಚೆಂಡಿಗೆ ಪಂಪಿನಿಂದ ಗಾಳಿ ಹೊಡೆಯುತ್ತಿರಲಿಲ್ಲ. ಬೈಗುಳ ತುಂಬುತ್ತಿದ್ದರು. ಪಂದ್ಯದ ಬೆಳಗ್ಗೆ ಎರಡೂ ಊರಿನ ಬೈಗಾರರು ಬಯಲಿನ ನಡುವೆ ಬಂದು ಕೂರಬೇಕು. ಚೆಂಡಿನ ಬಾಯಿಗೆ ಬಾಯಿಟ್ಟು ಎದುರೂರನ್ನು ಬೈಯಬೇಕು. ಅರ್ಧ ಚೆಂಡು ಇವರದು, ಅರ್ಧ ಚೆಂಡು ಅವರದು. ನಿಯಮ ಒಂದೇ. ಬೈಗುಳ ಸುಳ್ಳಾಗಿರಬೇಕು. ಯಾಕೆ ಅಂದಿರಾ? ನಿಜ ಹೇಳಿದರೆ ಅದು ಬೈಗುಳವಲ್ಲ, ಸುದ್ದಿ. ಸುದ್ದಿ ಒಂದು ಕಡೆ ನಿಲ್ಲುತ್ತದೆಯೇ? ಹೊಲಿಗೆಯ ಸಂದಿಯಿಂದ ನುಸುಳಿ ಊರೆಲ್ಲ ತಿರುಗಲು ಹೋಗುತ್ತದೆ. ಚೆಂಡು ಚಪ್ಪಟೆಯಾಗುತ್ತದೆ.

ಬೆಲ್ಲದಕೊಪ್ಪಲಿನ ಬೈಗಾರ್ತಿ ಚಿಕ್ಕತಾಯಮ್ಮ. ಅವಳ ಅಜ್ಜಿಯೂ ಬೈಗಾರ್ತಿ, ಅಜ್ಜಿಯ ಅಜ್ಜಿಯೂ ಬೈಗಾರ್ತಿ. ಮನೆಯಲ್ಲಿ ಮಾತ್ರ ಬಲು ಸಾಧು. ಹಾಲು ಕುಡಿದು ಹೋಗುವ ಬೆಕ್ಕಿಗೂ ‘ಹೋಗ್ಬನ್ನಿ’ ಅನ್ನುವವಳು. ಬಾಯಿಗೆ ಬಂದ ಬೈಗುಳವನ್ನೆಲ್ಲ ಹುಣಸೇಕಟ್ಟೆಗೆಂದೇ ಎತ್ತಿಡುತ್ತಿದ್ದಳು.

“ನಿಮ್ಮ ಗೋಲು ಕಾಯೋನ ಕೈಯಲ್ಲಿ ಮುದ್ದೆನೂ ನಿಲ್ಲಲ್ಲ ಕಣ್ರೋ!” ಅನ್ನುತ್ತಿದ್ದಳು. ಅದು ಶುದ್ಧ ಸುಳ್ಳು. ಆ ಮನುಷ್ಯ ಮಳೆಹನಿಯನ್ನೂ ಹಿಡಿದು ಮೋಡಕ್ಕೆ ವಾಪಸ್ ಎಸೆಯುತ್ತಿದ್ದ. ಚೆಂಡು ಸಂತೋಷದಿಂದ ಉಬ್ಬುತ್ತಿತ್ತು.

ಹುಣಸೇಕಟ್ಟೆಯ ಬೈಗಾರ ಜವರಪ್ಪನೇನು ಕಡಿಮೆಯವನಲ್ಲ. “ಏನಮ್ಮೀ ಚಿಕ್ಕತಾಯಿ, ಇನ್ನೂ ಬದುಕಿದ್ದೀಯಾ? ನಿಮ್ ಹುಡುಗ್ರು ಓಡೋದ ನೋಡಿ ನಮ್ಮೂರ ಬಸವನಹುಳ ನಗ್ತದೆ!” ಅನ್ನುತ್ತಿದ್ದ. ಅದೂ ಸುಳ್ಳು. ಬೆಲ್ಲದಕೊಪ್ಪಲಿನ ಹುಡುಗರು ಓಡಿದರೆ ಅವರ ನೆರಳು ಹಿಂದೆ ಬಿದ್ದು, ಸಾಯಂಕಾಲ ಒಬ್ಬೊಂಟಿಯಾಗಿ ಮನೆಗೆ ಬರುತ್ತಿತ್ತು.

ಹೀಗೆ ಚೆನ್ನಾಗಿತ್ತು. ಆಮೇಲೆ ಹುಣಸೇಕಟ್ಟೆ ಕಾಲ್ಚೆಂಡು ಸಂಘಕ್ಕೆ ಕೆಟ್ಟ ಕಾಲ ಬಂತು.

ಮೊದಲು ಅವರ ಗೋಲು ಕಾಯುವವನಿಗೆ ಒಂದು ಯೋಚನೆ ಬಂತು. ‘ಚೆಂಡು ನನ್ನ ಕಡೆಗೇ ಯಾಕೆ ಬರುತ್ತದೆ?’ ಅಂತ ಯೋಚಿಸುತ್ತ ಕೂತ. ಚೆಂಡು ಬಂತು, ಹೋಯಿತು. ಅವನು ಯೋಚಿಸುತ್ತಲೇ ಇದ್ದ. ಆಮೇಲೆ ಗೋಲು ಹೊಡೆಯುವವನು ತನ್ನ ಎಡಗಾಲನ್ನು ನೆಂಟರಿಗೆ ಎರವಲು ಕೊಟ್ಟ. ಅವರ ಮನೆಯಲ್ಲಿ ಮಂಚಕ್ಕೆ ಒಂದು ಕಾಲು ಮುರಿದಿತ್ತು. ನೆಂಟರು ವಾಪಸ್ ಕೊಡಲಿಲ್ಲ. ದಾಕ್ಷಿಣ್ಯಕ್ಕೆ ಇವನೂ ಕೇಳಲಿಲ್ಲ. ಹುಣಸೇಕಟ್ಟೆ ಮೇಕೆಗಳ ಟೀಮಿನ ಕೈಲಿ ಸೋತಿತು. ಬೆದರುಬೊಂಬೆಗಳ ಟೀಮಿನ ಕೈಲಿ ಸೋತಿತು. ಬೆದರುಬೊಂಬೆಗಳು ನಿಂತಲ್ಲಿಂದ ಅಲ್ಲಾಡಿರಲಿಲ್ಲ, ಆದರೂ ಸೋತಿತು. ಒಂದು ದಿನ ಎದುರಿಗೆ ಯಾರೂ ಬರಲಿಲ್ಲ. ಅವತ್ತು ಖಾಲಿ ಬಯಲಿನ ಕೈಲೂ ಸೋತಿತು.

ಬೆಲ್ಲದಕೊಪ್ಪಲಿಗೆ ಎಂಥ ಹಬ್ಬ! ಮೇಕೆಗಳು ಗೆದ್ದ ದಿನ ತಮಟೆ ಹೊಡೆದು, ಕಡ್ಲೆಪುರಿ ಹಂಚಿ, ಮೇಕೆಗಳಿಗೆ ಹಾರ ಹಾಕಿದರು. ಹಾರವನ್ನು ಮೇಕೆಗಳು ತಿಂದವು. ಬೆದರುಬೊಂಬೆಗಳು ಗೆದ್ದ ದಿನ ಕಡ್ಲೆಪುರಿ ಹಂಚಿದರು, ತಮಟೆ ಮರೆತರು. ಖಾಲಿ ಬಯಲು ಗೆದ್ದ ದಿನ ಯಾರೋ ಒಬ್ಬ ಚಪ್ಪಾಳೆ ಶುರು ಮಾಡಿದ. ಸುತ್ತ ನೋಡಿದ. ಕೈಗಳನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಅವತ್ತು ಚಿಕ್ಕತಾಯಮ್ಮನಿಗೆ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಅವಳು ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಅಭ್ಯಾಸಕ್ಕೆ ಕೂತಳು. “ನಿಮ್ಮ ಗೋಲು ಕಾಯೋನ ಕೈಯಲ್ಲಿ ಮುದ್ದೆನೂ ನಿಲ್ಲಲ್ಲ!” ಅಂತ ಊದಿದಳು. ಪುಸ್ ಅಂದಿತು. ಈಗ ಅದು ನಿಜವಾಗಿತ್ತು. “ನಿಮ್ಮೋರು ಮೇಕೆ ಕೈಲಿ ಸೋಲ್ತಾರೆ!” ಪುಸ್. “ನಿಮಗೆ ಬೆದರುಬೊಂಬೇನೂ ಹೆದರಲ್ಲ!” ಪುಸ್. ಏನು ಬೈದರೂ ನಿಜ. ಸಾಕಾಗಿ ಅವಳ ಬಾಯಿಂದ “ಅಯ್ಯೋ ಪಾಪ” ಅಂತ ಬಂತು. ಅದು ಒಳಗೆ ಹೋಯಿತು, ಆದರೆ ಚೆಂಡು ಉಬ್ಬಲಿಲ್ಲ, ಭಾರವಾಯಿತು. ಒದ್ದರೆ “ಉಸ್ಸಪ್ಪಾ” ಅಂದು ಅಲ್ಲೇ ಕೂತುಬಿಟ್ಟಿತು.

“ಅಜ್ಜೀ, ಬರೀ ಸುದ್ದಿ ಊದ್ತಾ ಇದ್ದೀಯ. ನನಗೆ ಹೊಟ್ಟೆ ತುಂಬ್ತಾ ಇಲ್ಲ” ಅಂದಿತು ಚೆಂಡು.

ಇದು ರಾಜನ ಕಿವಿಗೆ ಬಿತ್ತು. ರಾಜನಿಗೆ ರಾಜ್ಯದ ಚಿಂತೆ ಇರಲಿಲ್ಲ, ಮೀಸೆಯ ಚಿಂತೆ. ಆ ಮೀಸೆ ಎಷ್ಟು ಉದ್ದ ಅಂದರೆ, ಅದರ ಎರಡು ತುದಿಗಳು ಒಂದನ್ನೊಂದು ಕಂಡೇ ಇರಲಿಲ್ಲ. ಸೀಗೆಕಾಯಿ ಹಾಕಿ ತೊಳೆದರೆ ಒಣಗಿಸಲು ಜಾಗ ಸಿಗುತ್ತಿರಲಿಲ್ಲ. ಒದ್ದೆ ಮೀಸೆಯಿಂದ ರಾಣಿಗೆ ನೆಗಡಿ, ಮಂತ್ರಿಗೆ ಕೆಮ್ಮು. ಬಹಳ ದಿನದಿಂದ ರಾಜನ ಕಣ್ಣು ಈ ಬಯಲಿನ ಮೇಲಿತ್ತು. ಆದರೆ ಅವನು ನ್ಯಾಯವಂತ. ಡಂಗುರ ಹೊಡೆಸಿದ. “ಚೆಂಡು ಪುಟಿಯುವ ಬಯಲು ಆಟಕ್ಕೆ, ಪುಟಿಯದ ಬಯಲು ಮೀಸೆಗೆ. ಹುಣ್ಣಿಮೆಯ ದಿನ ಪಂದ್ಯ. ನಾವೇ ಬಂದು ನೋಡುತ್ತೇವೆ.”

ಊರ ಪಟೇಲರು ಓಡಿ ಬಂದರು. “ಚಿಕ್ಕತಾಯವ್ವಾ, ಬೇರೆ ಯಾವ್ದಾದ್ರೂ ಊರ ಬೈದು ತುಂಬ್ಸವ್ವ. ದೂರದೂರು ಬೇಕಾದಷ್ಟು ಅವೆ.”

ಅವಳು ದೂರದ ಊರೊಂದನ್ನು ಬೈದು ನೋಡಿದಳು. ಚೆಂಡು ಚೀರಿತು. “ಅಯ್ಯಯ್ಯೋ, ಕಚ್ತದೆ! ಗುರುತು ಪರಿಚಯ ಇಲ್ದೋರನ್ನ ಬೈದ್ರೆ ಅದು ಬೈಗುಳ ಅಲ್ಲ ಅಜ್ಜಿ, ಜಗಳ. ಜಗಳಕ್ಕೆ ಹಲ್ಲಿರ್ತದೆ. ನನ್ನ ತೊಗಲು ಹರಿದುಹೋಗ್ತದೆ.”

ಚಿಕ್ಕತಾಯಮ್ಮ ರೊಟ್ಟಿ ಕಟ್ಟಿಕೊಂಡಳು. ಚಪ್ಪಟೆ ಚೆಂಡನ್ನು ಮಡಿಲಿಗೆ ಹಾಕಿಕೊಂಡಳು. ಹುಟ್ಟಿದ ಮೇಲೆ ಮೊದಲ ಸಲ ಬಯಲನ್ನು ಪೂರ್ತಿ ದಾಟಿ ಆಚೆ ಹೋದಳು. ಅಲ್ಲಿವರೆಗೆ ಅವಳು ನಡುವಿನ ಗೆರೆಯನ್ನು ಮೀರಿದವಳೇ ಅಲ್ಲ.

ಆ ತುದಿಯ ಗೋಲುಕಂಬದ ತುಂಬ ಹೀರೇಬಳ್ಳಿ ಹಬ್ಬಿತ್ತು. “ಯಾರದು? ಕಾಯಿ ಕೊಯ್ಯಕ್ಕೆ ಬಂದ್ರಾ?” ಅಂದಿತು ಕಂಬ.

“ನಾನು ಕಣಪ್ಪ, ಚಿಕ್ಕತಾಯಮ್ಮ. ನಿನ್ನ ಸೊಟ್ಟ ಕಂಬ, ಕುಡುಕ ಕಂಬ ಅಂತ ಬೈತಿದ್ದೋಳು.”

ಕಂಬಕ್ಕೆ ಅಳು ತಡೆಯಲಾಗಲಿಲ್ಲ. “ಎಷ್ಟ್ ಕಾಲ ಆಯ್ತು ತಾಯಿ ಆ ಮಾತ ಕೇಳಿ! ಈಗ ಯಾರೂ ನನ್ನ ಏನೂ ಅನ್ನಲ್ಲ. ಕಾಯಿ ಚೆಂದಾಗಿ ಬಿಟ್ಟವೆ ಅಂತಾರೆ, ಅಷ್ಟೇಯ. ಒಳಗಡೆ ಯಾವ್ದು, ಹೊರಗಡೆ ಯಾವ್ದು ಅನ್ನೋದೇ ನಂಗೆ ಮರ್ತೋಗದೆ.”

ಚಿಕ್ಕತಾಯಮ್ಮ ಸೆರಗಿನಿಂದ ಕಂಬವನ್ನು ಒರೆಸಿ ಮುಂದೆ ನಡೆದಳು.

ಜವರಪ್ಪ ಜಗಲಿಯ ಮೇಲೆ ಕೂತು ಹುಣಸೇಹಣ್ಣಿನ ಬೀಜ ಬಿಡಿಸುತ್ತಿದ್ದ. ಅವಳನ್ನು ಕಂಡವನೇ ಎದ್ದು ನಿಂತ. ಕೈ ಮುಗಿದ. “ಬನ್ನಿ ತಾಯವ್ವನೋರೇ, ಕೂತ್ಕಳಿ” ಅಂದ.

ಆ ‘ಬನ್ನಿ’ ಅವಳ ಎದೆಗೆ ನಾಟಿತು. ಇಷ್ಟು ವರ್ಷ ‘ಏನಮ್ಮೀ, ಇನ್ನೂ ಬದುಕಿದ್ದೀಯಾ’ ಅನ್ನುತ್ತಿದ್ದವನು ಬಹುವಚನ ಹಾಕುತ್ತಿದ್ದಾನೆ! ಇದಕ್ಕಿಂತ ಕಪಾಳಕ್ಕೆ ಬಾರಿಸಿದ್ದರೆ ವಾಸಿಯಿತ್ತು.

“ಜವರಣ್ಣ, ನಿನ್ನ ದಮ್ಮಯ್ಯ ಅಂತೀನಿ, ಒಂದ್ಸಲ ಬೈಯಿ” ಅಂದಳು.

“ಎಲ್ಲಾದ್ರೂ ಉಂಟಾ? ನಾವು ಸೋತ ಜನ. ನಿಮ್ಮೂರೋರು ದೊಡ್ಡೋರು.”

“ನಮ್ಮ ಹುಡುಗ್ರನ್ನ ಬಸವನಹುಳ ಅಂತಿದ್ದೆಯಲ್ಲ, ಅಷ್ಟಾದ್ರೂ ಅನ್ನು.” ಚೆಂಡನ್ನು ಅವನ ಬಾಯಿಗೆ ಹಿಡಿದಳು.

ಜವರಪ್ಪ ಸಂಕೋಚದಿಂದ ಊದಿದ. ಪುಸ್ ಅಂದಿತು.

ಚಿಕ್ಕತಾಯಮ್ಮ ಬೆಚ್ಚಿದಳು. ಜವರಪ್ಪ ತಲೆ ತಗ್ಗಿಸಿದ. “ತಪ್ಪು ತಿಳ್ಕಬೇಡಿ ತಾಯವ್ವ. ನಮ್ಮನ್ನ ಸೋಲ್ಸಕ್ಕೆ ಓಡೋದೇ ಬ್ಯಾಡ ಅಂತ ನಿಮ್ ಹುಡುಗ್ರು ಓಡೋದ ಬಿಟ್ಟು ಬಾಳ ದಿನ ಆಯ್ತು. ಮೊನ್ನೆ ನೋಡ್ದೆ. ಬಯಲಲ್ಲಿ ಮನೀಕಂಡು, ಗೋಲು ತಾನಾಗೇ ಬರ್ಲಿ ಅಂತ ಆಕಳಿಸ್ತಾ ಇದ್ರು. ಅವರ ನೆರಳು ಅವರಿಗಿಂತ ಮುಂಚೆ ಮನೆಗೆ ಹೋಯ್ತಾ ಇತ್ತು.”

ಅದನ್ನು ಚಿಕ್ಕತಾಯಮ್ಮನೂ ನೋಡಿದ್ದಳು. ನೋಡಿಯೂ ನೋಡದ ಹಾಗೆ ಇದ್ದಳು.

ಅವಳು ರೊಟ್ಟಿ ಬಿಚ್ಚಿದಳು. ಅವನು ಹುಣಸೇಹಣ್ಣಿನ ಗೊಜ್ಜು ತಂದ. ಗೊಜ್ಜಿಗೆ ಬೆಲ್ಲ ಬಿದ್ದಿತ್ತು. “ಇದು ಎಲ್ಲಿಯ ಬೆಲ್ಲ?” ಅಂದಳು. “ಮತ್ತೆಲ್ಲಿಯದು? ನಿಮ್ಮೂರದೇ” ಅಂದ. ಇಬ್ಬರೂ ತಿಂದರು. ಚೆಂಡು ಚಪ್ಪಟೆಯಾಗಿಯೇ ಮನೆಗೆ ಬಂತು.

ಹುಣ್ಣಿಮೆ ಬಂತು. ರಾಜ ಬಂದ. ಅವನ ಒದ್ದೆ ಮೀಸೆಯನ್ನು ಆಳುಗಳು ಬಿದಿರ ಗಳುಗಳ ಮೇಲೆ ಹೊತ್ತು ತಂದರು. ಮೀಸೆ ಬಂದು ಮುಗಿಯುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಬೆಲ್ಲದಕೊಪ್ಪಲಿನವರು ಈ ಕಡೆ ಕೂತರು, ಹುಣಸೇಕಟ್ಟೆಯವರು ಆ ಕಡೆ. ಗೋಲು ಕಾಯುವವನು ಯೋಚಿಸುತ್ತ ಬಂದ. ಗೋಲು ಹೊಡೆಯುವವನು ಕುಂಟುತ್ತ ಬಂದ.

ಚಿಕ್ಕತಾಯಮ್ಮ ಚೆಂಡಿಗೆ ಬಾಯಿಟ್ಟಳು. ಪುಸ್. ಇನ್ನೊಂದು ಬೈದಳು. ಪುಸ್. ರಾಜ ಕೈ ಎತ್ತಿದ. “ಹಾಸಿ ಮೀಸೆ!”

ಆಳುಗಳು ಹುಣಸೇಕಟ್ಟೆಯ ತುದಿಯಿಂದ ಮೀಸೆ ಹಾಸತೊಡಗಿದರು. ಬೆಲ್ಲದಕೊಪ್ಪಲಿನ ಕಡೆ ಯಾರೋ “ಹೋಗ್ಲಿ ಬಿಡಿ, ಇನ್ನೇನಿತ್ತು ಅವರತ್ರ” ಅಂದರು. ಜವರಪ್ಪ ಎದ್ದು ಹೋಗಿ, ರಾಜರ ಮೀಸೆಗೆ ಸಿಕ್ಕಿಕೊಳ್ಳದಿರಲಿ ಅಂತ, ಕಂಬದಿಂದ ಹೀರೇಬಳ್ಳಿಯನ್ನು ಒಂದೊಂದೇ ಎಳೆಯಾಗಿ ಬಿಡಿಸತೊಡಗಿದ. ಬಳ್ಳಿ ಬಿಡಿಸಿ, ಕಂಬವನ್ನು ಕೀಳಲು ಎರಡೂ ಕೈಯಿಂದ ತಬ್ಬಿ ಹಿಡಿದ.

ಚಿಕ್ಕತಾಯಮ್ಮ ಅದನ್ನು ಕಂಡು ಧಡಕ್ಕನೆ ಎದ್ದಳು. ಚೆಂಡನ್ನು ಎಳೆದುಕೊಂಡಳು. ಬಾಯಿಟ್ಟು ಒಂದೇ ಉಸಿರಿಗೆ ಕೂಗಿದಳು.

“ಹೋಗ್ರೋ ಹೋಗಿ! ನೀವು ಹಾಳಾಗೋದ್ರೆ ನಮಗೇನ್ರೋ? ನೀವು ಇದ್ರೆಷ್ಟು, ಇಲ್ದಿದ್ರೆಷ್ಟು? ನೀವಿಲ್ಲ ಅಂತ ಇಲ್ಲಿ ಯಾರಿಗೂ ಒಂದು ಚೂರೂ ಬೇಜಾರಿಲ್ಲ! ನಿಮ್ಮನ್ನ ನೆನೆಸ್ಕಂಡು ಅಳೋಕೆ ನನಗೇನು ಹುಚ್ಚು ಹಿಡಿದದಾ?”

ಅವಳ ಕಣ್ಣೀರು ಗಲ್ಲದ ಮೇಲಿಂದ ಇಳಿದು ಚೆಂಡನ್ನು ತೋಯಿಸುತ್ತಿತ್ತು. ಚೆಂಡು ಪುಸ್ ಅನ್ನಲಿಲ್ಲ. ಉಬ್ಬಿತು. ಭರಭರ ಉಬ್ಬಿತು. ಯಾಕೆಂದರೆ ಅಷ್ಟು ದೊಡ್ಡ ಸುಳ್ಳನ್ನು ಆ ಬಯಲು ಯಾವತ್ತೂ ಕೇಳಿರಲಿಲ್ಲ.

ಜವರಪ್ಪ ಕಂಬ ಬಿಟ್ಟ. ಪಂಚೆ ಎತ್ತಿ ಕಟ್ಟಿ ಓಡಿಬಂದ. ಚೆಂಡು ಕಿತ್ತುಕೊಂಡ. “ಏನಮ್ಮೀ ಚಿಕ್ಕತಾಯಿ! ನಾವೇನು ನಿಮ್ಮ ದಾರಿ ಕಾಯ್ತಾ ಕುಂತಿದ್ವಾ? ಮೊನ್ನೆ ನೀನು ರೊಟ್ಟಿ ತಂದಿದ್ದು ನಂಗೆ ಸಂತೋಷ ಆಯ್ತು ಅನ್ಕಂಡ್ಯಾ? ನಿನ್ನ ಮೋರೆ ಕಂಡ್ರೆ ನಂಗಾಗಲ್ಲ! ಥೂ!”

ಚೆಂಡಿನ ಇನ್ನರ್ಧವೂ ತುಂಬಿತು. ಎಂಥ ಇಂಪಾದ ‘ಥೂ’ ಅದು! ಚಿಕ್ಕತಾಯಮ್ಮ ಮೂಗು ಸೀಟಿಕೊಂಡು ನಕ್ಕಳು.

ಚೆಂಡು ತಡೆಯಲಾರದೆ ಒಂದು ಕುಪ್ಪಳಿಸಿತು. ನೇರ ಮೀಸೆಯ ಮೇಲೆ ಬಿದ್ದು ಮತ್ತೆ ಮೇಲಕ್ಕೆ ಹಾರಿತು. ಜೊತೆಗೆ ರಾಜನನ್ನೂ ಎಳೆದುಕೊಂಡು ಮೀಸೆ ಹಾರಿತು. ಹೋಗಿ ಮೋಡಕ್ಕೆ ಸಿಕ್ಕಿಹಾಕಿಕೊಂಡಿತು. ಮೇಲೆ ಗಾಳಿ ಜೋರಾಗಿತ್ತು, ಮೀಸೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಗರಿಗರಿ ಒಣಗಿತು. “ಛೆ, ಇಷ್ಟು ದಿನ ನೆಲದ ಮೇಲೆ ಜಾಗ ಹುಡುಕಿದೆನಲ್ಲ!” ಅಂದ ರಾಜ, ಮೀಸೆ ಹಿಡಿದು ತೂಗಾಡುತ್ತ. ಪಂದ್ಯಕ್ಕೆ ಅಲ್ಲಿಂದಲೇ ಅಪ್ಪಣೆ ಕೊಟ್ಟ.

ಬೈಗುಳದ ಸದ್ದು ನೆಂಟರ ಮನೆಯವರೆಗೂ ಕೇಳಿತ್ತು. ಮಂಚದ ಕೆಳಗಿದ್ದ ಎಡಗಾಲಿಗೆ ಇರಲಾಗಲಿಲ್ಲ. ಮಂಚ ಬಿದ್ದರೆ ಬೀಳಲಿ ಅಂತ ಕುಪ್ಪಳಿಸುತ್ತ ಬಂದುಬಿಟ್ಟಿತು. ಒಡೆಯನಿಗೆ ಸೇರಿಕೊಳ್ಳುವಷ್ಟೂ ತಾಳ್ಮೆಯಿಲ್ಲ, ಬಂದದ್ದೇ ಚೆಂಡಿಗೆ ಒದ್ದಿತು. ಬೆಲ್ಲದಕೊಪ್ಪಲಿನ ಗೋಲು ಕಾಯುವವನು ಆಕಳಿಸುತ್ತಿದ್ದ. ಬಾಯಿ ಮುಚ್ಚುವಷ್ಟರಲ್ಲಿ ಗೋಲು!

ಬೆಲ್ಲದಕೊಪ್ಪಲಿನಲ್ಲಿ ಊರಿಗೆ ಊರೇ ಎದ್ದು ನಿಂತು ಎದೆ ಬಡಿದುಕೊಂಡಿತು. “ಮೋಸ! ಮೋಸ! ಮನುಷ್ಯ ಇಲ್ದೆ ಬರೀ ಕಾಲು ಆಡಂಗಿಲ್ಲ!” ಹುಡುಗರು ದಡಬಡ ಎದ್ದು ಓಡಿದರು. ಅವರ ನೆರಳುಗಳು ಏದುಸಿರು ಬಿಡುತ್ತ ಹಿಂದೆ ಬಿದ್ದವು. ಎಷ್ಟು ಓಡಿದರೂ ಆ ಕಡೆಯ ಗೋಲು ಕಾಯುವವನು ಬಿಟ್ಟುಕೊಡಲಿಲ್ಲ. ಚೆಂಡು ತನ್ನ ಕಡೆಗೇ ಯಾಕೆ ಬರುತ್ತದೆ ಅನ್ನುವುದು ಅವನಿಗೆ ಅವತ್ತು ಹೊಳೆದಿತ್ತು. ಕೇಳಿದರೆ ಹೇಳಲಿಲ್ಲ, ಹಿಡಿದ.

ಬೆಲ್ಲದಕೊಪ್ಪಲು ಸೋತಿತು. ಹೊಟ್ಟೆ ಉರಿದು, ಹಲ್ಲು ಕಡಿದು, ಎಷ್ಟೋ ಕಾಲದ ಮೇಲೆ ಊರೆಲ್ಲ ಚೆನ್ನಾಗಿ ಊಟ ಮಾಡಿತು. ಚಿಕ್ಕತಾಯಮ್ಮ ಮುದ್ದೆಯ ಮೇಲೆ ಮುದ್ದೆ ಹಾಕಿಸಿಕೊಂಡಳು. “ಆ ಸೊಟ್ಟ ಕಂಬಕ್ಕೆ ಎಷ್ಟು ಸೊಕ್ಕು ಬಂದದೆ ನೋಡು!” ಅಂತ ಬೆಕ್ಕಿಗೆ ಹೇಳಿದಳು. ಹೇಳುವಾಗ ಅವಳ ಮುಖ ಅರಳಿತ್ತು.

ಕತೆಯ ನೀತಿ ಏನಪ್ಪಾ ಅಂದರೆ, ಪಕ್ಕದೂರನ್ನು ಬೈಯುವಾಗ ಸುಳ್ಳನ್ನೇ ಹೇಳಿ. ಬೈದದ್ದು ನಿಜವಾಗತೊಡಗಿದರೆ ರೊಟ್ಟಿ ಕಟ್ಟಿಕೊಂಡು ಹೋಗಿ ವಿಚಾರಿಸಿಕೊಂಡು ಬನ್ನಿ. ಅವರು ಅಲ್ಲಿ ಬೈದುಕೊಂಡು ಸುಖವಾಗಿದ್ದಾರೆ, ರಾಜ ಮೇಲೆ ಒಣಗಿಕೊಂಡು ಸುಖವಾಗಿದ್ದಾನೆ, ನಾವು ಇಲ್ಲಿ ಹ್ಞೂಂಗುಟ್ಟಿಕೊಂಡು ತೆಪ್ಪಗಿದ್ದೇವೆ.