ಮೂರು ವರಹದ ಕಿರುಬೆರಳು

ಈಗ ಹೇಳುವುದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿಬಿಡಿ. ಎಲ್ಲಿ, ಕೈ ಚಾಚಿ. ನಿಮ್ಮ ಕೈ ಹಿಡಿದೇ ಆಣೆ ಮಾಡುತ್ತೇನೆ. ತೊರೆಕೋಟೆಯ ಆಸ್ಥಾನದಲ್ಲಿದ್ದ ಮಹಾಜಾಣ ಸಂಕಣ್ಣ ನಮ್ಮ ಮುತ್ತಜ್ಜನ ಮುತ್ತಜ್ಜ. ನನ್ನ ಮುಖ ನೋಡಿದರೇ ಗೊತ್ತಾಗುತ್ತದೆ, ಬಿಡಿ.

ಅದೇ ಆಸ್ಥಾನದಲ್ಲಿ ಹಂಪಯ್ಯ ಎಂಬ ಭಂಡಾರಿ ಇದ್ದ. ಬೊಕ್ಕಸ ಕಾಯುವುದು ಕಸುಬು, ಬಡಾಯಿ ಕೊಚ್ಚುವುದು ಉಪಕಸುಬು. ರಾಜ ಮಲ್ಲರಸ ಹಡಗು ಹತ್ತಿ ಕಡಲಾಚೆಯ ಮುತ್ತಿನ ಬಂದರಿಗೆ ಹೋದಾಗ ಇಬ್ಬರೂ ಜತೆಗಿದ್ದರು. ಅಲ್ಲಿ ಇಳಿದು ಮೂರು ದಿನವಾಗಿಲ್ಲ, ಹಂಪಯ್ಯ ಶುರುಮಾಡಿದ.

"ಪ್ರಭು, ಹತ್ತು ವರಹದ ಮುತ್ತು! ಎಷ್ಟಕ್ಕೆ ತಂದೆ ಹೇಳಿ? ಐದಕ್ಕೆ! ಈ ಪರದೇಶದ ವ್ಯಾಪಾರಿಗಳು ನನ್ನ ನೆರಳು ಕಂಡರೇ ಬೆಲೆ ಇಳಿಸುತ್ತಾರೆ."

ರಾಜನ ಕಣ್ಣರಳಿತು. "ನೋಡಯ್ಯ ಸಂಕಣ್ಣ, ಕಲಿತುಕೊ! ನೀನು ನಿನ್ನೆ ಖರ್ಜೂರಕ್ಕೆ ಕೇಳಿದಷ್ಟೂ ಕೊಟ್ಟು ಬಂದೆಯಂತೆ."

"ಖರ್ಜೂರ ಮಾರುವವನಿಗೂ ಹೊಟ್ಟೆ ಇರುತ್ತದಲ್ಲ, ಪ್ರಭು."

"ಹೊಟ್ಟೆಯ ಮಾತು ಬೇಡ. ನಾಳೆ ಸಂಜೆ ಹಡಗು ಹೊರಡುತ್ತದೆ. ಅಷ್ಟರೊಳಗೆ ಹಂಪಯ್ಯನಿಗಿಂತ ಅಗ್ಗವಾಗಿ ಅಂಥದೇ ಒಂದು ಮುತ್ತು ತಾ. ಇಲ್ಲದಿದ್ದರೆ ಇಲ್ಲೇ ಖರ್ಜೂರ ತಿನ್ನುತ್ತ ಕೂತಿರು. ಹಡಗಿನಲ್ಲಿ ನಿನಗೆ ಜಾಗವಿಲ್ಲ!"

ಹಂಪಯ್ಯ ಹಲ್ಲು ಕಿರಿದ. ಆ ಹಲ್ಲುಗಳನ್ನೂ ಅರ್ಧ ಬೆಲೆಗೇ ತಂದಿದ್ದನೋ ಏನೋ, ಹಾಗಿದ್ದವು.

ಮರುದಿನ ಬೆಳಿಗ್ಗೆ ಸಂಕಣ್ಣ ಮುತ್ತಿನ ಪೇಟೆಗೆ ಹೋದ. ಕಡಲಲ್ಲಿ ಮುಳುಗಿ ಮುತ್ತು ತೆಗೆಯುವವರ ಹೆಂಗಸರೇ ಅಲ್ಲಿ ಮಾರುವವರು. ಚಾಪೆಯ ಮರೆಯ ಹಿಂದೆ ಕೂತು ಕೈ ಮಾತ್ರ ಹೊರಗೆ ಚಾಚುತ್ತಾರೆ. ಕೈಮೇಲೊಂದು ಬಟ್ಟೆ. ನಮ್ಮ ದನದ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಮಾಡುವ ಹಾಗೆಯೇ ವ್ಯಾಪಾರವೆಲ್ಲ ಬೆರಳಲ್ಲಿ. ಒಂದು ಬೆರಳು ಹಿಡಿದರೆ ಒಂದು ವರಹ, ಇಡೀ ಕೈ ಹಿಡಿದರೆ ಐದು. ಬೆಲೆ ಕುದುರುವ ಮುಂಚೆ ಮಾರುವವಳು ಬಾಯಿಬಿಟ್ಟಳೋ, ಆವತ್ತೇ ಅವಳಿಗೆ ಪೇಟೆಯಿಂದ ಗೇಟ್‌ಪಾಸ್.

ಸಂಕಣ್ಣ ಲುಲುವಾ ಎಂಬ ಅಜ್ಜಿಯ ಮರೆಯ ಮುಂದೆ ಕೂತ. ಅಜ್ಜಿ ಅವನ ಕೈಯನ್ನು ಎರಡು ಸಲ ಹಿಡಿದಳು: ಹತ್ತು. ಇವನು ಒಂದು ಸಲ ಕೈ, ಮೇಲೆ ಎರಡು ಬೆರಳು ಹಿಡಿದ: ಏಳು. ಅಜ್ಜಿ ಅವನ ಅಂಗೈಗೆ ಮೆಲ್ಲನೆ ಒಂದೇಟು ಕೊಟ್ಟು ಬೆರಳಲ್ಲೇ ಒಂಬತ್ತು ಎಂದಳು. ಇವನು ಎಂಟಕ್ಕೆ ನಿಂತ. ಅಜ್ಜಿಯ ಕೈ ಒಂದು ಗಳಿಗೆ ಯೋಚಿಸಿ ಒಪ್ಪಿತು. ಮುತ್ತಿನ ಜತೆ ಕೊಸರಿಗೆ ಒಂದು ಹಿಡಿ ಖರ್ಜೂರವೂ ಬಂತು.

ಆದರೆ ಅಜ್ಜಿಯ ಬೆರಳುಗಳು ಬಾತುಕೊಂಡಿದ್ದವು.

"ಏನಜ್ಜಿ, ಬಾಗಿಲಿಗೆ ಸಿಕ್ಕಿಸಿಕೊಂಡೆಯಾ?"

ನಮ್ಮ ಕಡೆಯ ಹಡಗಿನವರಿಂದ ಕಲಿತ ಹರಕು ಕನ್ನಡದಲ್ಲಿ ಅಜ್ಜಿ ಹೇಳಿದಳು: "ಬಾಗಿಲು ಅಲ್ಲ. ನಿಮ್ಮ ದೊಡ್ಡ ಪೇಟದವ. ಇಡೀ ಕೈ ಹಿಡೀತಾನೆ, ಐದು ಅಂತಾನೆ. ಹಿಂಡ್ತಾನೆ, ಒಪ್ಪೋವರೆಗೂ ಹಿಂಡ್ತಾನೆ. ನಾನು ಕೂಗಿದ್ರೆ ಜಾಗ ಹೋಯ್ತು. ಮಧ್ಯಾಹ್ನ ಮತ್ತೆ ಬರ್ತಾನಂತೆ, ಮೊದಲು ಒಯ್ದ ಮುತ್ತಿನ ಜೋಡಿಗೆ."

ಥೂ ಅವನ! ಹುಲಿ ಹೊಡೆದವನ ಹಾಗೆ ಬೀಗುತ್ತಿದ್ದವನು ಹೊಡೆದದ್ದು ಒಬ್ಬ ಮುದುಕಿಯ ಬೆರಳನ್ನು! ಪರದೇಶಕ್ಕೆ ಹೋಗಿ "ಅರ್ಧಕ್ಕೆ ಹೊಡೆದುಕೊಂಡು ಬಂದೆ" ಎನ್ನುವವರನ್ನು ಕಂಡರೆ ಇವತ್ತಿಗೂ ನಾನು ಮೊದಲು ಅವರ ಕೈ ನೋಡುತ್ತೇನೆ.

"ಅಜ್ಜಿ, ಮಧ್ಯಾಹ್ನ ನಿನ್ನ ಜಾಗ ಒಂದು ಗಳಿಗೆ ನನಗೆ ಕೊಡು," ಎಂದ ಸಂಕಣ್ಣ. "ಬಳೆಗಳನ್ನೂ ಕೊಡು."

ಅಲ್ಲಿಂದ ಸೀದಾ ರಾಜನ ಬಳಿಗೆ ಹೋಗಿ, ಎಂಟು ವರಹದ ತನ್ನ ಮುತ್ತನ್ನು ಮುಂದಿಟ್ಟ. "ಪ್ರಭು, ಭಂಡಾರಿಗಳ ವಿದ್ಯೆ ನೋಡಿ ಕಲಿಯುವಂಥದಲ್ಲ, ಬಟ್ಟೆಯ ಕೆಳಗೆ ನಡೆಯುವಂಥದು. ಮಾರುವವಳ ಕೈ ಇರುವಲ್ಲಿ ತಮ್ಮ ಕೈ ಇದ್ದರೆ ಒಂದೇ ಪಾಠಕ್ಕೆ ಬಂದುಬಿಡುತ್ತದೆ."

ಬಿಟ್ಟಿ ವಿದ್ಯೆ ಎಂದರೆ ಮಲ್ಲರಸನಿಗೆ ಪ್ರಾಣ. ಉಂಗುರ ಕಳಚಿದ, ಎಣ್ಣೆ ಸವರಿ ಅಜ್ಜಿಯ ಬಳೆ ಏರಿಸಿಕೊಂಡ, ಮರೆಯ ಹಿಂದೆ ಕೂತ. ಪಕ್ಕದಲ್ಲಿ ಸಂಕಣ್ಣ ಮತ್ತು ಅಜ್ಜಿ.

ಹಂಪಯ್ಯ ಬಂದ. ಸಂಕಣ್ಣ ಕಲಿಸಿದ ಹಾಗೆ ರಾಜ ಕೈಯಲ್ಲೇ ಹತ್ತು ಎಂದ. ಹಂಪಯ್ಯ ಇಡೀ ಕೈ ಹಿಡಿದು ಐದು ಎಂದ.

"ಏನು ಮುದುಕಿ, ಇವತ್ತು ಕೈ ಇಷ್ಟು ಮೆತ್ತಗಿದೆ! ನಮ್ಮ ರಾಜನ ತಲೆಯ ಹಾಗೆ!" ಎಂದು ಗೊಣಗಿ ಹಿಂಡತೊಡಗಿದ.

ಮೊದಲ ಹಿಂಡಿಗೆ ರಾಜನ ಕಣ್ಣು ಹೊರಬಂದವು. ಎರಡನೆಯದಕ್ಕೆ ಕಿರೀಟ ಕಿವಿಗಿಳಿಯಿತು. ಮೂರನೆಯದಕ್ಕೆ, "ಅಯ್ಯಯ್ಯೋ, ಸತ್ತೆ!"

ಚಾಪೆ ಮಗುಚಿಬಿತ್ತು. ಹಂಪಯ್ಯನ ಕೈಯಲ್ಲಿ ರಾಜನ ಕೈ. ಭಂಡಾರಿ ಅಂದದ್ದಿಷ್ಟೇ: "ಪ್ರ... ಪ್ರಭು, ಬಳೆ ಚೆನ್ನಾಗಿವೆ."

ರಾಜ ಬೆರಳಿಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ಗುಡುಗಿದ. "ಸಂಕಣ್ಣ! ಇವನು ಹಿಂಡುತ್ತಾನೆಂದು ಬಾಯಲ್ಲೇ ಹೇಳಬಾರದಿತ್ತೇನೋ?"

"ಹೇಳಿದ್ದರೆ ತಾವೂ ಚೌಕಾಸಿ ಮಾಡುತ್ತಿದ್ದಿರಿ, ಪ್ರಭು. ಅರ್ಧವಷ್ಟೇ ನಂಬುತ್ತಿದ್ದಿರಿ."

ಸುತ್ತ ನಿಂತ ಹೆಂಗಸರು ಕಿಸಕ್ಕೆಂದರು. ರಾಜನಿಗೆ ಇನ್ನಷ್ಟು ಉರಿಯಿತು. "ಆದರೂ ಪಂದ್ಯ ಪಂದ್ಯವೇ! ಅವನ ಬೆಲೆ ಐದು, ನಿನ್ನದು ಎಂಟು. ಹಡಗಿನಲ್ಲಿ ನಿನಗೆ ಜಾಗವಿಲ್ಲ."

ಸಂಕಣ್ಣ ಕೈಮುಗಿದ. "ನನ್ನದು ಎಂಟೇ, ನಿಜ. ಅವರದು ಐದು ವರಹ, ಮೇಲೊಂದು ರಾಜರ ಕಿರುಬೆರಳು. ಆ ಕಿರುಬೆರಳು ಮೂರು ವರಹಕ್ಕಿಂತ ಅಗ್ಗ ಎಂದು ಪ್ರಭುಗಳ ಅಪ್ಪಣೆಯಾದರೆ, ಈಗಲೇ ಖರ್ಜೂರ ತಿನ್ನಲು ಕೂರುತ್ತೇನೆ."

ರಾಜ ಬೆರಳು ನೋಡಿಕೊಂಡ. ಹೆಂಗಸರನ್ನು ನೋಡಿದ. ಮತ್ತೆ ಬೆರಳು ನೋಡಿಕೊಂಡ. ಆಮೇಲೆ ನಕ್ಕ ನಗುವಿಗೆ ಬಳೆಗಳೆಲ್ಲ ಝಣಝಣ ಎಂದವು.

ಅಜ್ಜಿಗೆ ಹಂಪಯ್ಯನ ಜೇಬಿನಿಂದಲೇ ಪೂರಾ ಹತ್ತು ವರಹ ಸಿಕ್ಕಿತು, ಹಿಂದೆ ಹಿಂಡಿದ್ದರ ಬಾಕಿಯೂ ಸಿಕ್ಕಿತು. ಸಂಕಣ್ಣನಿಗೆ ಹಡಗಿನಲ್ಲಿ ರಾಜನ ಪಕ್ಕದ ಮೆತ್ತೆ. ಹಂಪಯ್ಯನಿಗೆ ಕೆಳಗೆ ಹುಟ್ಟು ಹಾಕುವ ಕೆಲಸ. ಅಷ್ಟು ಗಟ್ಟಿ ಹಿಡಿತ ವ್ಯರ್ಥವಾಗಬಾರದಲ್ಲ!

ಇದೆಲ್ಲ ಅಪ್ಪಟ ನಿಜ. ಒಂದು ಸಣ್ಣ ವಿವರ ಮಾತ್ರ ನಾನೇ ಸೇರಿಸಿದ್ದು: ಸಂಕಣ್ಣನಿಗೂ ನಮಗೂ ಏನೂ ಸಂಬಂಧವಿಲ್ಲ. ನಮ್ಮದು ಹಂಪಯ್ಯನ ವಂಶ. ಅದಿರಲಿ, ಆಗಿನಿಂದ ನಿಮ್ಮ ಕೈ ಹಿಡಿದೇ ಕತೆ ಹೇಳಿದೆನಲ್ಲ, ಯಾಕೆ ಹಾಗೆ ಮುಖ ಕಿವುಚುತ್ತಿದ್ದೀರಿ?