ಬೀಗರ ಹಾಡಿನಲ್ಲಿ ಊರ ನಲ್ಲಿ

ಬೇಸಿಗೆ ಕಳೆದರೂ ಊರ ನಲ್ಲಿಯಲ್ಲಿ ನೀರು ಬರಲಿಲ್ಲ. ಕಳೆ ಕೀಳುವ ಹೆಂಗಸರು ಅದರ ಮೇಲೊಂದು ಹಾಡು ಕಟ್ಟಿದರು. ಪಂಚಾಯ್ತಿ ಅಧ್ಯಕ್ಷ ಪುಟ್ಟಸ್ವಾಮಿಗೌಡರು, ಹಾಡು ಹೇಳಿಕೊಡುವ ಕೆಂಪಾಜಮ್ಮನನ್ನು ಕರೆಸಿದರು.

“ನಾಳೆ ನನ್ನ ದೊಡ್ಡ ಮಗನ ಮದುವೆ. ಬೀಗರ ಮುಂದೆ ನಿನ್ನ ರಾಜಕೀಯ ಬೇಡ. ಮದುವೆ ಹಾಡು ಮಾತ್ರ ಹಾಡು.”

“ಮದುವೆ ಹಾಡೇ ಹಾಡ್ತೀನಿ ಗೌಡ್ರೇ.”

ಮರುದಿನ ಕೆಂಪಾಜಮ್ಮ ಹೋಗಿ ಹೆಣ್ಣಿನ ಕಡೆಯವರ ನಡುವೆ ಕೂತಳು. ಗಂಡಿನವರನ್ನು ಹಂಗಿಸುವ ಬೀಗರ ಹಾಡು ಶುರುವಾಯಿತು.

“ಬೀಗರ ಊರಿನ ನಲ್ಲಿಗೆ ಬಲು ನಾಚಿಕೆಯಂತೆ,
ಸೊಸೆ ಬಂದು ತಿರುಗಿಸಿದರೂ ಬಾಯಿ ಬಿಡದಂತೆ.
ಮಗಳ ಜೊತೆ ಬಿಂದಿಗೆ ತುಂಬಿ ಕಳಿಸಿರಮ್ಮ,
ಬೀಗಪ್ಪ ಮುಖ ತೊಳೆದು ತಿಂಗಳಾಯಿತಂತೆ.”

ಚಪ್ಪರವೆಲ್ಲ ನಕ್ಕಿತು. ಗೌಡರ ಮೀಸೆ ಅದುರಿತು. ಆದರೆ ಬೀಗರ ಹಾಡಿಗೆ ಸಿಟ್ಟಾಗುವುದು ಮರ್ಯಾದೆಗೇಡು. ನಕ್ಕು, ಹಾಡಿದವರಿಗೆ ಎಲೆಅಡಿಕೆ ಕೊಡುವುದು ಪದ್ಧತಿ. ಗೌಡರು ಮೊದಲು ಬಲವಂತಕ್ಕೆ ನಕ್ಕರು, ಆಮೇಲೆ ನಿಜವಾಗಿಯೇ ನಕ್ಕರು. ಎಲೆಅಡಿಕೆ ಕೊಡುತ್ತಾ ಮೆಲ್ಲಗೆ ಕೇಳಿದರು:

“ಇದನ್ನ ಇನ್ನು ಹಾಡಲ್ಲ ತಾನೇ?”

“ನಿಮಗಿನ್ನೂ ಇಬ್ಬರು ಗಂಡುಮಕ್ಕಳ ಮದುವೆ ಇದೆಯಲ್ಲ ಗೌಡ್ರೇ.”

ಸೊಸೆ ಮನೆ ತುಂಬುವ ಹೊತ್ತಿಗೆ ನಲ್ಲಿ ರಿಪೇರಿಯವರು ಬಂದಿದ್ದರು.