ಗೂಡ್ಸ್ ಗಾಡಿ ನಿಲ್ಲಿಸಿದ ಯಮನೂರಪ್ಪ

ಫಕೀರವ್ವಗ ಒಬ್ಬನೇ ಮಗ, ಯಮನೂರಪ್ಪ. ಮೂವತ್ತು ವರ್ಷದ ಆಳು, ಎರಡು ಚೀಲ ಒಮ್ಮೆಗೇ ಹೊರತಿದ್ದ. ಆದರ ಹೇಳಿದ್ದನ್ನ ಹೇಳಿದಂಗ ಮಾಡತಿದ್ದ, ಅದ ಫಜೀತಿ. "ಇವನ್ನ ಕಟಗೊಂಡು ನಾ ಹೆಂಗ ಬಾಳೇ ಮಾಡ್ಲಿ" ಅಂತ ಅಕಿ ದಿನಾ ಹಣಿ ಬಡಕೊಳ್ಳಾಕಿ.

ಅವರೂರ ಹೊಲದ ನಡುವ ಎರಡು ರೈಲುದಾರಿ ಕೂಡತಿದ್ದವು. ಒಂದು ಸಣ್ಣ ಹಳಿ, ಒಂದು ದೊಡ್ಡ ಹಳಿ. ಇದರ ಗಾಡಿ ಅದರ ಮ್ಯಾಲೆ ಓಡೂದಿಲ್ಲ. ಅದಕ್ಕ ಇದರಾಗಿನ ಮಾಲು ಇಳಿಸಿ ಅದರಾಗ ಹೇರಬೇಕು. ಫಕೀರವ್ವ ಹಮಾಲರ ಮುಕಾದಮ ದಾವಲಸಾಬನ ಕೈಕಾಲು ಹಿಡಿದು ಮಗಗ ಕೆಲಸ ಕೊಡಿಸಿದಳು. ಜೋಡೀಲೆ ಹಮಾಲರ ಸಾಲಿನಾಗ ಒಂದು ಖೋಲಿ ಸಿಕ್ತು. ಕೆಲಸ ಹೋದರ ಖೋಲಿನೂ ಹೋಗತಿತ್ತು.

ಮೊದಲನೇ ದಿನ ದಾವಲಸಾಬ ಅಂದ: "ಸಣ್ಣ ಗಾಡಿಯಾಗ ಏನೇನೈತಿ, ಎಲ್ಲಾ ದೊಡ್ಡ ಗಾಡಿಗೆ ಹಾಕು."

ಯಮನೂರಪ್ಪ ಶೇಂಗಾ ಚೀಲ ಹಾಕಿದ. ಬೆಲ್ಲದ ಪೆಂಟಿ ಹಾಕಿದ. ಗಾರ್ಡಸಾಹೇಬರ ಬುತ್ತಿ ಹಾಕಿದ, ಹಾಸಿಗಿ ಹಾಕಿದ, ಗಾಡಿ ಬಿಡಾಕ ತೋರಸೂ ಹಸರು ನಿಶಾನಿನೂ ಹಾಕಿದ. ದೊಡ್ಡ ಗಾಡಿ ಹೋತು. ನಿಶಾನಿ ಇಲ್ಲದ ಸಣ್ಣ ಗಾಡಿ ಸಂಜೀತನಕ ನಿಂತಲ್ಲೇ ನಿಂತಿತು. ಗಾರ್ಡಸಾಹೇಬರು ಉಪಾಸ.

ಅವ್ವ ಬೈದಳು. "ಏ ಖೋಡಿ, ಸಾಮಾನು ಯಾರದು ಅಂತ ನೋಡಬಾರದ? ಮಾಲಕನ್ನ ಕೇಳು. ಅವ ಹೂಂ ಅಂದ ಮ್ಯಾಲೆ ಎತ್ತು."

"ಹೂಂನವ್ವ, ಹಂಗ ಮಾಡತೀನಿ."

ಮರುದಿನ ಮೆಣಸಿನಕಾಯಿ ಬಂತು. ಯಮನೂರಪ್ಪ ಚೀಲ ಮುಟ್ಟಲಿಲ್ಲ. "ಇವು ಯಾರವು?" ಅಂತ ಕೇಳಿದ. ನಾಕು ಊರಿನಾಚೆ ಇರೂ ಸಾವಕಾರ್ರವು ಅಂದರು. ಹೆಗಲಿಗೆ ಟವೆಲ್ ಹಾಕ್ಕೊಂಡು ನಡದ. ಮೂರನೇ ದಿನ ಕಾಲಾಗ ಬೊಬ್ಬಿ ಎಬ್ಬಿಸಿಕೊಂಡು ಬಂದು, "ಸಾವಕಾರ್ರು ಹೂಂ ಅಂದರ್ರೀ" ಅಂದ. ಮೆಣಸಿನಕಾಯಿ ಹೋಗಿ ಎರಡು ದಿನ ಆಗಿತ್ತು.

"ಕೆಲಸ ಬಿಟ್ಟು ಎಲ್ಲಿಗಿ ಹೋಗಿದ್ದಿಯೋ?" ಅಂದಳು ಅವ್ವ. "ಇನ್ನ ಮ್ಯಾಲೆ ನಿಲ್ಲಂದಲ್ಲಿ ನಿಲ್ಲಬೇಕು. ಏನ ಆದರೂ ಜಾಗಾ ಬಿಟ್ಟು ಕದಲಬ್ಯಾಡ."

"ಹೂಂನವ್ವ, ಹಂಗ ಮಾಡತೀನಿ."

ಮುಂದಿನ ಸಲ ದಾವಲಸಾಬ ಅವನ್ನ ದೊಡ್ಡ ಗಾಡಿಯೊಳಗ ನಿಲ್ಲಿಸಿ, ಕೊಟ್ಟ ಚೀಲ ಒಟ್ಟು ಅಂದ. ಯಮನೂರಪ್ಪ ನಡುವ ನಿಂತು ಸುತ್ತಲೂ ಒಟ್ಟಿದ. ಸೊಂಟದ ಮಟ ಬಂತು, ಕುತಗಿ ಮಟ ಬಂತು, ತಲಿ ದಾಟಿತು. ಅವ ಕದಲಲಿಲ್ಲ. ಹೊರಗಿನವರು ಬಾಗಲಾ ಹಾಕಿ ಮುದ್ರಿ ಒತ್ತಿದರು. ಗಾಡಿ ಹೋತು.

ಎರಡು ದಿನ ಫಕೀರವ್ವಗ ಕೂಳು ಇಳೀಲಿಲ್ಲ. ಎಲ್ಲಾ ಬಾವಿ ಇಣಿಕಿ ಬಂದಳು. ಮೂರನೇ ದಿನ ಯಮನೂರಪ್ಪ ಬಂದಿಳಿದ. ಅಂಗಿಗೆ ಚೀಟಿ ಕಟ್ಟಿತ್ತು: "ಕಾಗದದಾಗ ಇಲ್ಲದ ಮಾಲು, ವಾಪಸ್."

ಅವ್ವ ಅಪ್ಪಿಕೊಂಡು ಅತ್ತಳು, ಆಮ್ಯಾಲೆ ಬೈದಳು. "ಬಾಯಿ ಇರಲಿಲ್ಲೇನೋ? ಗಾಡಿ ಹೊಂಟಿತಂದ್ರ ಒದರಿ ನಿಲ್ಲಸಬೇಕು."

"ಇದ ಕಡೀದು, ಫಕೀರವ್ವ," ಅಂದ ದಾವಲಸಾಬ. "ನಾಳೆ ಮತ್ತ ತಪ್ಪಿದರ ಖೋಲಿ ಖಾಲಿ ಮಾಡು."

ನಾಳೆ ಬಂತು. ಸಣ್ಣ ಗಾಡಿ ಹೊಂಟಿತು. "ನಿಲ್ಲಸ್ರೀ" ಅಂತ ಯಮನೂರಪ್ಪ ಒದರಿದ. ನಿಂತಿತು. ದೊಡ್ಡ ಗಾಡಿ ಹೊಂಟಿತು. "ನಿಲ್ಲಸ್ರೀ." ಅದೂ ನಿಂತಿತು. ಎರಡೂ ಗಾಡಿಯ ಡ್ರೈವರು ಇಳಿದು ಗಾಲಿಗಳ ಕೆಳಗ ಬಗ್ಗಿ ನೋಡಿದರು.

"ಗಾಲಿಗೆ ಯಾರು ಸಿಕ್ಕಾರ?"

"ಯಾರೂ ಇಲ್ಲರಿ."

"ಮತ್ತ್ಯಾಕ ಒದರಿದಿ?"

"ಗಾಡಿ ಹೊಂಟಿತ್ತರಿ."

ಅವರು ಹತ್ತಿದರು. ಗಾಡಿ ಹೊಂಟವು. ಯಮನೂರಪ್ಪ ಮತ್ತ ಒದರಿದ. ಹಿಂಗ ಐದು ಸಲ ಆತು. ಫಕೀರವ್ವ ಓಡಿ ಬಂದು ಅವನ ಬಾಯಿಗೆ ಕೈ ಒತ್ತಿದಳು. "ಬಾಯಿ ಮುಚ್ಚು. ನಾ ಹೇಳೂತನಕ ತೆಗೀಬ್ಯಾಡ."

ಮುಚ್ಚಿದ. ಗಾಡಿ ಹೋದವು. ದಿನ ಪೂರ್ತಿ ಅವ ನೀರು ಕುಡೀಲಿಲ್ಲ, ಎಲಿಅಡಕಿ ಹಾಕಲಿಲ್ಲ, ಮಾತಿಗಿ ನಿಲ್ಲಲಿಲ್ಲ. ಆಮ್ಯಾಲೆ ಬಂದ ಗಾಡಿಗಳ ಚೀಲ ಹೊತ್ತದ್ದ ಹೊತ್ತದ್ದು. ಸಂಜೀಗೆ ದಾವಲಸಾಬ ಗಡ್ಡ ಕೆರಕೊಂಡು, "ನಿನ್ನ ಮಗ ಮೂರಾಳಿನ ಕೆಲಸ ಮಾಡ್ಯಾನ. ಇರಲಿ ಬಿಡು" ಅಂದ.

ಫಕೀರವ್ವ ಖುಷೀಲೆ ರೊಟ್ಟಿ ಬಡದಳು, ಪುಂಡಿಪಲ್ಯ ಹಾಕಿದಳು. ಮಗ ಗಂಗಾಳದ ಮುಂದ ಬಾಯಿ ಬಿಗಿ ಹಿಡಿದು ಕುಂತ.

"ಉಣ್ಣೋ."

ಕುಂತ.

ಅಕಿಗೆ ನೆನಪಾತು. "ಬಾಯಿ ತೆಗಿಯಪ್ಪ."

ತೆಗೆದ. ತೆಗೆದಾವ ಹಂಗ ಕುಂತ. ಅಕಿ ತುತ್ತು ಇಟ್ಟಳು. ಅದು ನಾಲಿಗಿ ಮ್ಯಾಲೆ ಕುಂತಿತು.

"ಅಗಿ," ಅಂದಳು.

ಅಗಿದ. ಅಕಿ ಒಲಿ ಆರಿಸಿದಳು, ಭಾಂಡೆ ತೊಳದಳು, ಅಂಗಳಾ ಗುಡಿಸಿ ಬಂದಳು. ಯಮನೂರಪ್ಪ ಅದ ತುತ್ತು ಅಗೀತಿದ್ದ. ನುಂಗು ಅಂತ ಯಾರೂ ಹೇಳಿರಲಿಲ್ಲ.